ಗುರುವಾರದ ಹಾಜರಿ

ಅಕ್ಕೋರು ಮುಖ್ಯೋಪಾಧ್ಯಾಯಿನಿಯಾಗಿದ್ದಷ್ಟು ವರ್ಷವೂ ಹುಮನಾಬಾದಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವ ರೂಢಿ ಇರಲಿಲ್ಲ. ತರಗತಿಗೆ ಹೋದ ಟೀಚರು ಸಾಲು ಸಾಲು ಕಣ್ಣಾಡಿಸಿ, ಬಾರದವರ ಹೆಸರಿನ ಮುಂದೆ ಸುಮ್ಮನೆ ಗುರುತು ಹಾಕಬೇಕಿತ್ತು. ನಾನು ಬಸವಕಲ್ಯಾಣದಿಂದ ಬಂದು ಕೆಲಸಕ್ಕೆ ಸೇರಿದ ಮೊದಲ ದಿನ ಇದು ಗೊತ್ತಿಲ್ಲದೆ ಆರನೇ ತರಗತಿಯಲ್ಲಿ ಜೋರಾಗಿ ಹೆಸರು ಓದತೊಡಗಿದೆ. ನಾಲ್ಕನೆಯ ಹೆಸರಿಗೆ ತಲೆ ಎತ್ತಿದರೆ ಬಾಗಿಲಲ್ಲಿ ಅಕ್ಕೋರು. ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ನೂಲಿನ ಸೀರೆ, ಬಲಗೈ ಬೆರಳು ತುಟಿಗಳ ಮೇಲೆ. ಬೈಯಲಿಲ್ಲ. "ಮನಸಿನ್ಯಾಗ ಓದ್ರಿ ಟೀಚರ್. ಹೆಸರು ಬಾಯಿಲೆ ಬ್ಯಾಡ" ಎಂದಷ್ಟೇ ಹೇಳಿ ಹೋದರು.

ಬಾಯಿಯ ಮೇಲೆ ಕೈ ಇಡುವುದು ಅವರ ಅಭ್ಯಾಸ. ನಗುವಾಗ, ಯೋಚಿಸುವಾಗ, ಬಿಸಿಲಲ್ಲಿ ಮನೆಗೆ ನಡೆದುಹೋಗುವಾಗಲೂ ಅಂಗೈ ಬಾಯಿಯ ಹತ್ತಿರವೇ ಇರುತ್ತಿತ್ತು. ಮಕ್ಕಳು ಬೆನ್ನ ಹಿಂದೆ ಅದನ್ನೇ ನಕಲು ಮಾಡುತ್ತಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಒಂದೇ ಸಲ. ಯಾವುದೋ ಸಮೀಕ್ಷೆಯವನೊಬ್ಬ ಶಾಲೆಯ ಅಂಗಳದಲ್ಲಿ ಒಂದನೇ ತರಗತಿಯ ಹುಡುಗಿಯನ್ನು ನಿಲ್ಲಿಸಿಕೊಂಡು ನಿಮ್ಮ ಮನೆಯಲ್ಲಿ ಎಷ್ಟು ಜನ, ಯಾರ್‍ಯಾರು ಬಂದು ಹೋಗುತ್ತಾರೆ ಎಂದು ನಗುನಗುತ್ತ ಕೇಳುತ್ತಿದ್ದ. ಅಕ್ಕೋರು ಓಡಿದರು. ಅರವತ್ತಕ್ಕೆ ಹತ್ತಿರವಾಗಿದ್ದ ಹೆಂಗಸು ಸೀರೆಯ ನಿರಿಗೆ ಎತ್ತಿ ಹಿಡಿದು ಓಡಿದ್ದನ್ನು ಇಡೀ ಶಾಲೆ ನೋಡಿತು. ಕೂಸನ್ನು ಎಳೆದು ಎದೆಗೆ ಒತ್ತಿಕೊಂಡು, ಅವನ ಮುಖಕ್ಕೆ ಮುಖ ಕೊಟ್ಟು, "ದೊಡ್ಡವರಿಗೆ ಕೇಳ್ರಿ. ಕೂಸಿಗೆ ಕೇಳಬ್ಯಾಡ್ರಿ" ಎಂದರು. ಆ ಹುಡುಗಿ ಮಾತ್ರ ಅಂಜಿ ಅಳಲಿಕ್ಕೆ ಹತ್ತಿತ್ತು.

ಅವರಿಗೆ ಮದುವೆಯಾಗಿರಲಿಲ್ಲ. ತಂದೆಯ ಕಾಲದ ಕಲ್ಲಿನ ಮನೆಯಲ್ಲಿ ಒಬ್ಬರೇ ಇದ್ದರು. ಅವರ ತಂದೆಯ ಹೆಸರು ಊರಿಗೆಲ್ಲ ಗೊತ್ತು. ನಿಜಾಮನ ಸೀಮೆಯಲ್ಲಿ ನಾಲ್ಕು ಜನ ಕೂತು ಸರ್ಕಾರದ ಮಾತಾಡಬೇಕೆಂದರೂ ಅಪ್ಪಣೆ ಬೇಕಿದ್ದ ಕಾಲದಲ್ಲಿ ಆ ಮನೆಯ ಪಡಸಾಲೆಯಲ್ಲಿ ಒಂದು ಸಂಘ ಕೂಡುತ್ತಿತ್ತು. ಹೊರಗಿನವರಿಗೆ ಅದು ಭಜನಾ ಮಂಡಳಿ. ತಾಳ, ಹಾರ್ಮೋನಿಯಂ ಮುಂದೆ ಇಟ್ಟುಕೊಂಡು ಹನ್ನೆರಡು ಜನ ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ ಸೇರುತ್ತಿದ್ದರು. ಸೋಲಾಪುರ ಇಂಗ್ಲಿಷರ ಸೀಮೆ. ಅಲ್ಲಿ ಅಚ್ಚಾದ ಪತ್ರಿಕೆ ಬಟ್ಟೆಯ ಗಂಟಿನಲ್ಲಿ ಅಡಗಿ ಇಲ್ಲಿಗೆ ಬರುತ್ತಿತ್ತು. ಒಬ್ಬರು ಓದುವುದು, ಉಳಿದವರು ಕೇಳುವುದು, ಬೀದಿಯಲ್ಲಿ ಬೂಟಿನ ಸಪ್ಪಳವಾದರೆ ತಾಳ ಹಾಕುವುದು. ಊರಿಗೊಂದು ಕನ್ನಡ ಶಾಲೆ ಬೇಕು, ಸಭೆ ಸೇರಲು ಅಪ್ಪಣೆ ಕೇಳುವ ಕಟ್ಟಳೆ ಹೋಗಬೇಕು ಎಂದು ಒಂದು ಅರ್ಜಿ ಬರೆಯುತ್ತಿದ್ದರಂತೆ. ಅದು ಮುಗಿಯುವ ಮೊದಲೇ ಒಂದು ಗುರುವಾರ ಪೊಲೀಸರು ಬಂದು ಹನ್ನೊಂದು ಜನರನ್ನು ಹಿಡಿದುಕೊಂಡು ಹೋದರು. ಒಬ್ಬರು ಜೈಲಿನಲ್ಲೇ ತೀರಿಕೊಂಡರು. ಆ ದಿನ ಬಾರದೆ ಉಳಿದವರು ಬೇಮಳಖೇಡದ ದನಗಾರರೊಬ್ಬರು. ಅವರೇ ಖಬರಿ, ಅವರೇ ಒಳಗಿನ ಸುದ್ದಿ ಕೊಟ್ಟವರು ಎಂದು ಊರು ತೀರ್ಮಾನಿಸಿತು. ಇಷ್ಟು ನನಗೂ ಗೊತ್ತಿತ್ತು. ನಾನು ಇತಿಹಾಸದ ಟೀಚರು.

ಅಕ್ಕೋರು ನಿವೃತ್ತರಾದ ಮೇಲೆ ಒಂದು ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ಯಾವುದೋ ಕಾಗದಕ್ಕೆ ಅವರ ಸಹಿ ಬೇಕೆಂದು ಆ ಮನೆಗೆ ಹೋದೆ. ಏಪ್ರಿಲ್ ತಿಂಗಳು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅಕ್ಕೋರ ದನಿ ಕೇಳಿಸಿತು. ಹೆಸರು ಓದುತ್ತಿದ್ದರು!

ಪಡಸಾಲೆಯ ಶಹಾಬಾದ ಕಲ್ಲಿನ ಮೇಲೆ ನೀಲಿ ಪಟ್ಟಿಯ ಜಮಖಾನ ಹಾಸಿತ್ತು. ಅಕ್ಕೋರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು, ತೊಡೆಯ ಮೇಲೆ ಹಳೆಯ ಪುಸ್ತಕ. ಒಂದು ಹೆಸರು ಓದುವುದು, ತಲೆ ಎತ್ತಿ ಜಮಖಾನದ ಒಂದು ಜಾಗ ನೋಡುವುದು, ತುಸು ತಡೆಯುವುದು, ಮತ್ತೆ ಮುಂದಿನ ಹೆಸರು. ನೋಟ ಒಂದೇ ಎತ್ತರದಲ್ಲಿ ಇರುತ್ತಿರಲಿಲ್ಲ. ಒಬ್ಬರಿಗೆ ಸ್ವಲ್ಪ ಮೇಲೆ, ಒಬ್ಬರಿಗೆ ಕೆಳಗೆ, ಕೂತವರಲ್ಲಿ ಉದ್ದವಿದ್ದವರು, ಗಿಡ್ಡವಿದ್ದವರು ಇರುತ್ತಾರಲ್ಲ, ಹಾಗೆ. ಒಂಬತ್ತನೆಯ ಹೆಸರಿಗೆ ಮಾತ್ರ ಜಮಖಾನ ನೋಡಲಿಲ್ಲ. ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಾನಿದ್ದೆ. ಅವರ ಕಣ್ಣು ನನ್ನನ್ನು ದಾಟಿ ನನ್ನ ಹಿಂದೆ ನಿಂತಿತು. ನಾನು ತಿರುಗಿ ನೋಡಿದೆ. ಬೀದಿ ಖಾಲಿ ಇತ್ತು.

ಓದು ಮುಗಿಸಿ, ನಾನು ಆಗತಾನೆ ಬಂದವಳಂತೆ ಮಾತಾಡಿಸಿದರು. "ಜಮಖಾನ ದಾಟಬ್ಯಾಡ್ರಿ, ಗ್ವಾಡಿ ಹಿಡಕೊಂಡು ಸುತ್ತಿ ಬರ್ರಿ" ಎಂದರು. ಸಹಿ ಹಾಕಿ ಚಹಾ ಮಾಡಲು ಒಳಗೆ ಹೋದರು. ಅವರಿಗೆ ಮೊಣಕಾಲು ನೋವೆಂದು ನನಗೆ ಗೊತ್ತಿತ್ತು. ನಾನೇ ಮಡಿಸಿಡೋಣವೆಂದು ಜಮಖಾನಕ್ಕೆ ಕೈ ಹಾಕಿದೆ. ಆ ಪಡಸಾಲೆಯ ಕಲ್ಲು ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ಜಮಖಾನ ಮಾತ್ರ ಅಲ್ಲಲ್ಲಿ ಬೆಚ್ಚಗಿತ್ತು. ಬಸ್ಸಿನಲ್ಲಿ ಯಾರೋ ಎದ್ದುಹೋದ ಸೀಟಿನಲ್ಲಿ ಕೂತಾಗ ಇರುತ್ತದಲ್ಲ, ಅಂಥ ಬಿಸಿ. ಮಡಿಸುತ್ತ ಹೋದಂತೆ ನನಗೆ ತಿಳಿಯದೆಯೇ ಎಣಿಸಿದೆ. ಹನ್ನೊಂದು. ಬಾಗಿಲ ಹತ್ತಿರದ ಒಂದು ಜಾಗ ಮಾತ್ರ ತಣ್ಣಗಿತ್ತು.

ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ. ಸಂಜೆ ಎಂದಿನಂತೆ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಬಂದು ಮನೆ ಸೇರಿದ ಮೇಲೂ ಎರಡೂ ಅಂಗೈ ತಿಕ್ಕಿಕೊಳ್ಳುತ್ತಿದ್ದೆ. ಇನ್ನು ಆ ಮನೆಗೆ ಹೋಗಬಾರದು ಎಂದುಕೊಂಡೆ. ಮುಂದಿನ ಗುರುವಾರ ಹೋದೆ. ಭಯ ಕೂಡ ಒಂದು ರುಚಿ ಹತ್ತಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ನಡುವೆ ಅವರೊಬ್ಬರೇ ಕೂತಿರುತ್ತಾರಲ್ಲ ಎಂಬ ಸಂಕಟ. ಹೀಗೆ ಎಷ್ಟೋ ವರ್ಷ ನಡೆಯಿತು. ನಾನು ಗೋಡೆಯ ಪಕ್ಕ ಕೂತಿರುತ್ತಿದ್ದೆ. ಅವರು ಏನನ್ನೂ ವಿವರಿಸಲಿಲ್ಲ. "ಟೀಚರ್" ಹೋಗಿ ನಾನು "ತಂಗಿ" ಆದದ್ದು ಆ ವರ್ಷಗಳಲ್ಲೇ.

ಅವರ ಕಣ್ಣಿಗೆ ಪೊರೆ ಬಂದಾಗ ಪುಸ್ತಕ ನನ್ನ ಕೈಗೆ ಬಂತು. ಹೊದಿಕೆಯ ಮೇಲೆ 'ಭಜನೆ ಪದಗಳು' ಎಂದಿತ್ತು. ಒಳಗೆ ಅವರ ತಂದೆಯ ದುಂಡಗಿನ ಅಕ್ಷರದಲ್ಲಿ ಹನ್ನೆರಡು ಹೆಸರು, ವಾರವಾರದ ಗುರುತು. ಒಂಬತ್ತನೆಯ ಹೆಸರಿನ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಟು ಎಳೆದಿತ್ತು. ನಾನು ಎಂಟು ಹೆಸರು ಓದಿ ಹತ್ತನೆಯದಕ್ಕೆ ಹೋದೆ.

"ಒಬ್ರು ಉಳದ್ರಲ್ಲ, ತಂಗಿ" ಎಂದರು.

ಅದು ಹೊಡೆದುಹಾಕಿದ ಹೆಸರು ಎಂದೆ. ಹೊಡೆದವರು ಹೊಡೆದಿದ್ದಾರೆ, ನೀನು ಓದು ಎಂದರು. ಓದಿದೆ. ಆಗ ನನ್ನ ಮೂಗಿಗೆ ಕಂಬಳಿಯ ವಾಸನೆ ಹೊಡೆಯಿತು. ಮಳೆಯಲ್ಲಿ ತೊಯ್ದ ಕಂಬಳಿ, ಹಸಿ ಸೆಗಣಿ, ಹಾಲು. ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಹೊರಗೆ ಹೊಸ್ತಿಲ ತನಕ ಚಪ್ಪಲಿಯ ಸದ್ದು ಬಂದು ನಿಂತಿತು. ಒಳಗೆ ಬರಲಿಲ್ಲ. ಅಕ್ಕೋರ ಕೈ ಬಾಯಿಯ ಮೇಲಿತ್ತು; ಕೈಯ ಹಿಂದಿನಿಂದಲೇ ಮಾತು ಬಂತು. "ವಾರಾ ವಾರಾ ಅಷ್ಟ. ಹೊಸ್ತಿಲ ತನಾ ಬರ್ತಾರ. ಒಳಗ ಬಾ ಅನ್ಲಿಕ್ಕೆ ನನಗ ಬಾಯಿಲ್ಲ."

ಆ ಮಧ್ಯಾಹ್ನ ಅವರು ಹೇಳಿದ್ದು ಇಷ್ಟು. ಅವರಿಗೆ ಆಗ ಆರು ವರ್ಷ. ಸಂಘ ಕೂಡುವಾಗ ತಂದೆಯ ತೊಡೆಯ ಮೇಲೆ ಕೂತಿರುತ್ತಿದ್ದರು. ತಂದೆ ಮೊದಲು ಹಾಜರಿ ಕೂಗುತ್ತಿದ್ದರು. ಕೇಳಿ ಕೇಳಿ ಹನ್ನೆರಡು ಹೆಸರೂ ಕ್ರಮವಾಗಿ ಬಾಯಿಗೆ ಬಂದಿದ್ದವು. ಒಂದು ದಿನ ಬಾವಿಯ ಹತ್ತಿರ ಆಡುತ್ತಿದ್ದಾಗ ಕಪ್ಪು ಶೇರವಾನಿ ತೊಟ್ಟವನೊಬ್ಬ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಅಂಗೈಯಲ್ಲಿ ಕಲ್ಲುಸಕ್ಕರೆ. ನಿಮ್ಮ ಮನೆಗೆ ಯಾರ್‍ಯಾರು ಬರುತ್ತಾರೆ, ಶಾಣ್ಯಾ ಹುಡುಗಿ, ಹೇಳು ನೋಡೋಣ ಎಂದ. ಅವರು ಎದ್ದು ನಿಂತು, ಕೈಕಟ್ಟಿ, ಒಂದೂ ಬಿಡದೆ ಹನ್ನೆರಡು ಹೆಸರನ್ನೂ ಒಪ್ಪಿಸಿದರು. ನಡುವೆ ಒಂದು ಹೆಸರು ತಪ್ಪಿದ್ದಕ್ಕೆ ಮೊದಲಿನಿಂದ ಮತ್ತೊಮ್ಮೆ ಒಪ್ಪಿಸಿದರು. ಆ ಗುರುವಾರವೇ ಪೊಲೀಸರು ಬಂದರು. ಬೇಮಳಖೇಡದವರು ಬಾರದೆ ಇದ್ದದ್ದು ಅವರ ಎಮ್ಮೆ ಈಯುತ್ತಿದ್ದುದಕ್ಕೆ; ಪೊಲೀಸರು ಅಲ್ಲಿ ಕೂತಿದ್ದವರನ್ನಷ್ಟೇ ಒಯ್ದರು, ಅವರನ್ನು ಹುಡುಕಿಕೊಂಡು ಹೋಗಲಿಲ್ಲ.

ತಂದೆ ಜೈಲಿನಿಂದ ಬಂದ ದಿನ ಮಗಳು ಓಡಿಹೋಗಿ, ತಾನು ಹೆಸರುಗಳನ್ನು ಎಷ್ಟು ಚೆನ್ನಾಗಿ ಹೇಳಿದೆ ಎಂದು ಹೇಳಿದಳು. ತಂದೆ ಅಂಗೈಯಿಂದ ಅವಳ ಬಾಯಿ ಮುಚ್ಚಿದರು. ಬಹಳ ಹೊತ್ತು ತೆಗೆಯಲಿಲ್ಲ. ಉಸಿರು ಕಟ್ಟಿತು ಎಂದರು ಅಕ್ಕೋರು. ಆಮೇಲೆ ಪುಸ್ತಕ ತೆಗೆದು, ಅವಳ ಎದುರಿಗೇ, ಒಂಬತ್ತನೆಯ ಹೆಸರಿನ ಮೇಲೆ ಗೀಟು ಎಳೆದರು.

"ನಮ್ಮಪ್ಪಗ ಗೊತ್ತಿತ್ತು, ತಂಗಿ. ಗೊತ್ತಿದ್ದೇ ಹೊಡದ್ರು. ಅವರು ಸಾಯೂತನಾ ನಾ ಬಾಯಿ ತೆರೀಲಿಲ್ಲ. ಅವರು ಸತ್ತ ಮರುವಾರದಿಂದ ಇದನ್ನ ಹಿಡದೇನಿ. ಒಮ್ಮೆ ಹೆಸರು ಹೇಳಿ ಎಲ್ಲಾರ್ನೂ ಕಳಸಿದಾಕಿ ನಾನು. ತಿರುಗಿ ಕರೀಬೇಕಾದಾಕಿನೂ ನಾನ."

ಅದಾಗಿ ಒಂದು ತಿಂಗಳಿಗೆ ಬೇಮಳಖೇಡಕ್ಕೆ ಹೋಗೋಣ ಎಂದರು. ಟಂಟಂ ಆಟೋದಲ್ಲಿ ಹೋದೆವು. ಊರ ಮುಂದಿನ ಹೋಟೆಲಿನಲ್ಲಿ ಆ ದನಗಾರರ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮೊಬೈಲು ನೋಡುತ್ತ ಕೂತಿದ್ದ ಒಬ್ಬ ಯುವಕ, "ಹಾಂ, ಖಬರಿಯವರ ಮನಿ ಏನ್ರಿ? ಸೀದಾ ಹೋಗ್ರಿ, ಬೇವಿನ ಗಿಡದ ಬಾಜೂಕ" ಎಂದ. ಅವನ ದನಿಯಲ್ಲಿ ಹೀಯಾಳಿಕೆಯೂ ಇರಲಿಲ್ಲ. ಅವನ ಪಾಲಿಗೆ ಅದೊಂದು ವಿಳಾಸ.

ಮನೆಯಲ್ಲಿ ಇದ್ದವರು ಆ ದನಗಾರರ ಮಗಳು ಕಾಶಮ್ಮ. ವಯಸ್ಸು ಎಪ್ಪತ್ತರ ಹತ್ತಿರ, ಅಣ್ಣನ ಮೊಮ್ಮಕ್ಕಳ ಜೊತೆ ಇದ್ದರು. ದನದ ಕೊಟ್ಟಿಗೆಯ ಮುಂದೆ ಹೊರಸು ಹಾಕಿ, ಕೂಡ್ರಿ ಎಂದು ತಾವೂ ಕೂತರು. ಅಕ್ಕೋರು ಕೂರಲಿಲ್ಲ. ಕಾಶಮ್ಮನ ಎದುರು ನಿಂತು, ಶಾಲೆಯ ಮಗುವಿನಂತೆ ಕೈಕಟ್ಟಿ, ಎಲ್ಲವನ್ನೂ ಹೇಳಿದರು. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದಷ್ಟೇ ಕೇಳುತ್ತಿತ್ತು.

"ನಮ್ಮಪ್ಪನ ಮಾತು ಹೇಳ್ತೀನಿ ಕೇಳ್ರಿ" ಎಂದರು ಕಾಶಮ್ಮ ಆಮೇಲೆ. ಅವರ ತಂದೆ ಕಡೆಗಾಲದ ಇಪ್ಪತ್ತು ವರ್ಷಕ್ಕೂ ಹೆಚ್ಚು ಇದೇ ಹೊರಸಿನ ಮೇಲೆ ಇದ್ದರಂತೆ. ವಾರಕ್ಕೊಮ್ಮೆ, ಗುರುವಾರ, ಊಟವಾಗಿ ಸ್ವಲ್ಪ ಹೊತ್ತಿಗೆ ತಟ್ಟನೆ ತಲೆ ಎತ್ತುತ್ತಿದ್ದರು. ರುಮಾಲು ಸುತ್ತಿ, ಕಂಬಳಿ ಹೆಗಲಿಗೆ ಹಾಕಿ, "ಬಂದೆ ರೀ, ಬಂದೆ" ಎನ್ನುತ್ತ ಬಾಗಿಲ ತನಕ ಹೋಗಿ ನಿಂತುಬಿಡುತ್ತಿದ್ದರು. ಹೊಸ್ತಿಲು ದಾಟುತ್ತಿರಲಿಲ್ಲ. ಮನೆಯವರು ತಲೆ ಕೆಟ್ಟಿದೆ ಎಂದುಕೊಂಡಿದ್ದರು.

"ಯಾರ್ ಕರದ್ರಪ್ಪಾ ಅಂತ ಕೇಳ್ತಿದ್ದೆ. ಹೆಣ್ಣು ದನಿ ಕಾಶಿ, ಸಣ್ಣ ಹುಡುಗಿ ದನಿ ಅಂತಿದ್ದ. ಪಾಪ, ಭಾಳ ಅಂಜಕೊಂಡು ಕರೀಲಿಕ್ಕತ್ತದ ಅಂತಿದ್ದ."

ಯಾವಾಗಿನಿಂದ ಎಂದು ಅಕ್ಕೋರು ಕೇಳಿದರು. ಊರಿಗೆ ಮೊದಲ ಬಸ್ಸು ಬಂದ ವರ್ಷದಿಂದ ಎಂದರು ಕಾಶಮ್ಮ. ಅಕ್ಕೋರು ಬೆರಳು ಮಡಿಸಿ ಲೆಕ್ಕ ಹಾಕಿದರು. ಅವರ ತಂದೆ ತೀರಿಕೊಂಡ ವರ್ಷ. ಲೆಕ್ಕ ಮುಗಿದ ಮೇಲೂ ಬೆರಳುಗಳು ಮಡಿಚಿಯೇ ಇದ್ದವು.

ಕಾಶಮ್ಮ ಅಕ್ಕೋರ ಕೊರಳು, ಕಾಲು ನೋಡಿದರು. "ನೀವು ಲಗ್ನ ಆಗಿಲ್ಲೇನ್ರಿ?"

"ಇಲ್ರಿ."

"ನನಗ ಯಾರೂ ಮಾಡ್ಕೊಳ್ಳಿಲ್ಲ. ಖಬರಿಯವನ ಮಗಳು ಅಂತ. ನಿಮಗ ಯಾಕ ಆಗಲಿಲ್ಲ?"

ಅಕ್ಕೋರು ಹೊರಸಿನ ಮೇಲೆ ಕಾಶಮ್ಮನ ಪಕ್ಕ ಕೂತರು. ನಾವು ಹೊರಡುವಾಗ ಕಾಶಮ್ಮ ಒಂದೇ ಕೇಳಿದರು: ಇದನ್ನು ನನಗೆ ಹೇಳಿದಿರಿ, ಊರಿಗೆ ಯಾವಾಗ ಹೇಳುತ್ತೀರಿ?

ನಿಜಾಮನ ಆಳ್ವಿಕೆ ಮುಗಿದ ದಿನವೆಂದು ಸೆಪ್ಟೆಂಬರಿನಲ್ಲಿ ತಾಲೂಕಿನಲ್ಲಿ ಧ್ವಜ ಏರಿಸುತ್ತಾರೆ. ಹೋರಾಟಗಾರರ ಮಗಳೆಂದು ಅಕ್ಕೋರಿಗೆ ಪ್ರತಿ ವರ್ಷ ಶಾಲು ಹೊದಿಸುತ್ತಿದ್ದರು. ಆ ವರ್ಷ ಅವರು ಶಾಲು ಮಡಿಸಿ ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ಹೋದರು. ಕಾಶಮ್ಮ ಜನರ ಹಿಂದೆ, ಕಾಂಪೌಂಡಿನ ಗೋಡೆಗೆ ಆತು ನಿಂತಿದ್ದರು. ಮುಂದೆ ಬರ್ರಿ ಎಂದರೂ ಬರಲಿಲ್ಲ. ಅಕ್ಕೋರು ಸುತ್ತಿ ಬಳಸಿ ಮಾತಾಡಲಿಲ್ಲ. ಬೇಮಳಖೇಡದವರು ಖಬರಿ ಅಲ್ಲ, ಹೆಸರು ಹೇಳಿದವಳು ನಾನು, ಅದು ನಮ್ಮಪ್ಪನಿಗೆ ಗೊತ್ತಿತ್ತು ಎಂದರು. ಆಮೇಲೆ ಮೊದಲ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಸಮಾರಂಭ ನಡೆಸುತ್ತಿದ್ದ ಹಿರಿಯರು ಮೈಕು ತೆಗೆದುಕೊಂಡು ಕಣ್ಣೊರೆಸಿಕೊಂಡರು. ದ್ರೋಹ ಮಾಡಿದವರ ತಪ್ಪನ್ನೂ ತನ್ನದೆಂದು ಹೊತ್ತುಕೊಳ್ಳುವ ದೊಡ್ಡ ಮನಸ್ಸು ಇಂಥ ಮನೆತನಕ್ಕೆ ಮಾತ್ರ ಇರುತ್ತದೆ ಎಂದರು. ಮೈಕು ನಡುವೆ ಕೆಟ್ಟು, ಹಿಂದೆ ನಿಂತವರಿಗೆ ಆ ಹಿರಿಯರ ಮಾತು ಸರಿಯಾಗಿ ಮುಟ್ಟಲಿಲ್ಲ. ಚಪ್ಪಾಳೆ ಮಾತ್ರ ಮುಟ್ಟಿತು.

ಒಬ್ಬರೂ ನಂಬಿರಲಿಲ್ಲ. ಆದರೆ ಕಾಶಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅಕ್ಕೋರ ಎರಡೂ ಕೈ ಹಿಡಿದುಕೊಂಡರು. ಮುಖವೆಲ್ಲ ಕಣ್ಣೀರು. "ಮಂದಿ ಒಪ್ಪಿದ್ರು, ಅಕ್ಕೋರೆ. ಹ್ಯಾಂಗ ಚಪ್ಪಾಳಿ ಬಡದ್ರು ನೋಡ್ರಿ. ನಮ್ಮಪ್ಪಗ ಬಡದ್ರು." ಅಕ್ಕೋರು ನನ್ನ ಕಡೆ ನೋಡಿದರು. ನಾನು ಕಣ್ಣು ತಪ್ಪಿಸಿದೆ. ಅವರ ಅಂಗೈ ಮೆಲ್ಲಗೆ ಮೇಲೆದ್ದು ಬಾಯಿಯ ಮೇಲೆ ಹೋಗಿ ಕೂತಿತು.

ಮರುವಾರ ಜಮಖಾನ ಹಾಸಲಿಲ್ಲ. ಕರೆದರೆ ಬಂದವರು ಏನಾಯಿತು ಎಂದು ಕೇಳುತ್ತಾರೆ, ಏನು ಹೇಳಲಿ ಎಂದರು. ಎರಡು ಗಂಟೆಗೆ ಪಡಸಾಲೆಯ ಬಾಗಿಲು ಹಾಕಿ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತೆವು. ಬಾಗಿಲ ಆಚೆ ಜಮಖಾನ ಬಿಚ್ಚಿ ಹಾಸುವ ಸದ್ದಾಯಿತು. ಒಬ್ಬೊಬ್ಬರಾಗಿ ಕೂರುವ ಸದ್ದು, ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಏನೂ ಇಲ್ಲ. ಯಾರಾದರೂ ಮಾತು ಶುರು ಮಾಡಲಿ ಎಂದು ಕಾಯುವ ಜನರ ಮೌನ. ಅಕ್ಕೋರು ನನ್ನ ಮೊಣಕೈ ಹಿಡಿದುಕೊಂಡರು. ಅವರ ಕೈ ಮಂಜಿನಂತಿತ್ತು. ಮುಂದೆ ಪ್ರತಿ ಗುರುವಾರವೂ ಹೀಗೆಯೇ ಕಳೆಯಿತು. ಕರೆಯದಿದ್ದರೂ ಬರುತ್ತಿದ್ದರು.

ಕಾಶಮ್ಮ ಆಮೇಲೆ ಆರೇಳು ವರ್ಷ ಬದುಕಿದ್ದರು. ತಿಂಗಳಿಗೊಮ್ಮೆ ಗಡಿಗೆಯಲ್ಲಿ ಮೊಸರು ತರುತ್ತಿದ್ದರು. ಈಗ ಊರವರು ಚೆನ್ನಾಗಿ ಮಾತಾಡಿಸುತ್ತಾರೆ ಎನ್ನುತ್ತಿದ್ದರು. ಬಹುಶಃ ಮುಂಚೆಯೂ ಮಾತಾಡಿಸುತ್ತಿದ್ದರು, ಇವರು ತಲೆ ಎತ್ತಿ ನೋಡಿರಲಿಲ್ಲ. ನಿಜ ಹೇಳೋಣವೇ ಎಂದು ನಾನು ಒಮ್ಮೆ ಕೇಳಿದೆ. "ಆಕಿ ನಗಾಕತ್ತಾಳ ತಂಗಿ. ಇರ್ಲಿ. ನಾ ಸುಮ್ನಿರೂದು ಇದ ಎರಡನೇ ಸಲ. ಈ ಸಲಾ ಆಕಿ ಸಲುವಾಗಿ" ಎಂದರು ಅಕ್ಕೋರು. ಕಾಶಮ್ಮ ಆ ನಂಬಿಕೆಯಲ್ಲೇ ತೀರಿಕೊಂಡರು.

ಅಕ್ಕೋರು ಹೋದದ್ದು ಹೋದ ತಿಂಗಳು. ಸುದ್ದಿ ಕೇಳಿ ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಹೊರಟೆ. ನಮ್ಮ ಕಡೆಯ ಪದ್ಧತಿಯಂತೆ ಅವರನ್ನು ಅಂಗಳದಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ಗದ್ದ ಜೋತು ಬೀಳಬಾರದೆಂದು ಬಿಳಿ ಬಟ್ಟೆ ಕಟ್ಟಿದ್ದರು. ಕೈಗಳು ತೊಡೆಯ ಮೇಲಿದ್ದವು. ಅವರ ಬಾಯಿಯನ್ನು ಅಷ್ಟು ಹೊತ್ತು, ಅಷ್ಟು ಪೂರ್ತಿಯಾಗಿ ನಾನು ನೋಡಿದ್ದು ಅಂದೇ. ಚಿಕ್ಕ ಬಾಯಿ. ಮಗುವಿನದರಂತೆ ಇತ್ತು.

ಜನ ಅವರ ಮುಂದೆ ಚಾಪೆಯ ಮೇಲೆ ಒತ್ತೊತ್ತಾಗಿ ಕೂತಿದ್ದರು. ಧ್ವಜದ ದಿನ ಮೈಕು ಹಿಡಿದಿದ್ದ ಅದೇ ಹಿರಿಯರು ಎದ್ದು ನಿಂತು ನಾಲ್ಕು ಮಾತಾಡಿದರು. ಎಂಥ ತಾಯಿ, ಒಬ್ಬ ಖಬರಿಯ ಪಾಪವನ್ನೂ ತನ್ನ ತಲೆಯ ಮೇಲೆ ಹೊತ್ತ ತಾಯಿ ಎಂದರು. ಹೆಂಗಸರು ಸೆರಗಿನಿಂದ ಕಣ್ಣು ಒತ್ತಿಕೊಂಡರು.

ನಾನು ಎದ್ದೆ. ಅವರು ಯಾರ ಪಾಪವನ್ನೂ ಹೊರಲಿಲ್ಲ, ಅವರು ಹೇಳಿದ್ದು ನಿಜ, ಬೇಮಳಖೇಡದವರು ಯಾವ ದ್ರೋಹವನ್ನೂ ಮಾಡಿಲ್ಲ ಎಂದೆ. ಇಡೀ ಕಥೆಯನ್ನು, ಬಾವಿ, ಕಲ್ಲುಸಕ್ಕರೆ, ಪುಸ್ತಕದ ಗೀಟು, ಎಲ್ಲವನ್ನೂ ಅಕ್ಕೋರ ಮುಖ ನೋಡುತ್ತಲೇ ಹೇಳಿದೆ. ಮುಗಿದ ಮೇಲೆ ಆ ಹಿರಿಯರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ತಿಳುವಳಿಕೆ ಇತ್ತು.

"ಬೇಮಳಖೇಡದ ಆ ಮನಿಯವರು ನಿಮಗ ಏನಾಗಬೇಕ್ರಿ?" ಎಂದು ಕೇಳಿದರು.

ಏನೂ ಆಗಬೇಕಿಲ್ಲ ಎಂದು ಬಾಯಿಯ ತನಕ ಬಂದಿತ್ತು. ಅದೇ ನಿಜ.

"ಕಾಶಮ್ಮ ನಮ್ಮ ದೊಡ್ಡವ್ವ ರೀ" ಎಂದೆ.

ಹಿರಿಯರು ತಲೆ ಅಲ್ಲಾಡಿಸಿ ಕೂತರು. ಖಬರಿಯ ಕಡೆಯವಳಂತೆ ಎಂಬ ಮಾತು ಸಾಲಿನಿಂದ ಸಾಲಿಗೆ ಹಿಂದೆ ಹೋಯಿತು. ನನ್ನ ಎಡಕ್ಕಿದ್ದ ಹೆಂಗಸು ಸೆರಗು ಎಳೆದುಕೊಂಡು ಸರಿದಳು. ಬಲಕ್ಕಿದ್ದವಳು ಎದ್ದು ಹೋದಳು. ಮುಂದೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಆಚೆ ಬದಿಗೆ ಹೋಗಿ ಕೂತರು. ನನ್ನ ಸುತ್ತಲೂ ಚಾಪೆ ಖಾಲಿಯಾಯಿತು. ನಾನು ಅಲ್ಲೇ ಕೂತೆ. ಅಕ್ಕೋರಿಗೂ ನನಗೂ ನಡುವೆ ಈಗ ಯಾರೂ ಇರಲಿಲ್ಲ.